ಸಹಿ ಹಾಕದ ಕರಾರು

ಪ್ರಶ್ನೆ: ಸಾಮಾಜಿಕ ಒಪ್ಪಂದ ಎನ್ನುತ್ತಾರೆ. ನಾನಂತೂ ಯಾವುದಕ್ಕೂ ಸಹಿ ಹಾಕಿಲ್ಲ. ಮತ್ತೇಕೆ ಕಾನೂನಿಗೆ ತಲೆಬಾಗಬೇಕು?

ಉತ್ತರ: ನಿಮ್ಮ ತಕರಾರು ನ್ಯಾಯವಾದದ್ದೇ. ಒಂದು ದೇಶದ ಹೆದ್ದಾರಿಯಲ್ಲಿ ಸುಮ್ಮನೆ ನಡೆದುಹೋದರೂ ಅದು ಮೌನ ಸಮ್ಮತಿ ಎಂದಿದ್ದರು ಜಾನ್ ಲಾಕ್. ಡೇವಿಡ್ ಹ್ಯೂಮ್ 1748ರಲ್ಲಿ ಅದನ್ನು ಬಲವಾಗಿ ಪ್ರಶ್ನಿಸಿದರು. ಮಲಗಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿದ್ದಾರೆ ಅನ್ನಿ. ಎಚ್ಚರವಾದಾಗ ಸುತ್ತ ಸಮುದ್ರ. ಅವನು ನೀರಿಗೆ ಹಾರದೆ ಕುಳಿತದ್ದನ್ನು ಕಪ್ತಾನನಿಗೆ ಕೊಟ್ಟ ಒಪ್ಪಿಗೆ ಎನ್ನಲಾದೀತೆ? ಅಂದಂದಿನ ಕೂಲಿಯಲ್ಲಿ ಬದುಕುವ, ಬೇರೆ ಭಾಷೆ ಬಾರದ ಬಡವನಿಗೆ ದೇಶ ಬಿಡುವ ಆಯ್ಕೆ ಎಲ್ಲಿದೆ?

ಇಮ್ಯಾನುಯೆಲ್ ಕಾಂಟ್ 1793ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ. ಒಪ್ಪಂದ ಎಂದೂ ನಡೆದ ಘಟನೆಯಲ್ಲ, ಕಾನೂನನ್ನು ಉಜ್ಜಿ ನೋಡುವ ಒರೆಗಲ್ಲು. ಇಡೀ ಜನತೆ ಒಪ್ಪಲು ಸಾಧ್ಯವೇ ಇಲ್ಲದ ಕಾನೂನು ಅನ್ಯಾಯ. ಒಂದು ವರ್ಗಕ್ಕೆ ಹುಟ್ಟಿನಿಂದಲೇ ಅಧಿಕಾರ ಕೊಡುವುದು ಅವರದೇ ಉದಾಹರಣೆ. ಕರ್ತವ್ಯ ಹುಟ್ಟುವುದು ಸಹಿಯಿಂದಲ್ಲ, ಇತರರ ಪಕ್ಕದಲ್ಲಿ ಬದುಕಲೇಬೇಕಾದ ಸ್ಥಿತಿಯಿಂದ. ಆದರೆ ಅನ್ಯಾಯದ ಅರಸನ ವಿರುದ್ಧವೂ ದಂಗೆ ಏಳಬಾರದು ಎಂದರು ಕಾಂಟ್. ಇಲ್ಲಿ ನಾನು ಅವರೊಂದಿಗಿಲ್ಲ. ಪ್ರಜೆಗೆ ಅವರು ಉಳಿಸಿಕೊಟ್ಟದ್ದು ಲೇಖನಿಯ ಸ್ವಾತಂತ್ರ್ಯವನ್ನು.