ಅಯ್ಯನಕೆರೆ: ಮಣ್ಣಿಗೆ ಮಣಿದ ಹೊಳೆ

ಕಡೂರು ಸೀಮೆಯ ಬಯಲನ್ನು ದಾಟಿ ಸಖರಾಯಪಟ್ಟಣವನ್ನು ಹಿಂದಿಕ್ಕಿ ಬರುವ ಪಥಿಕನಿಗೆ ಮೊದಲು ಗೋಚರಿಸುವುದು ಕೆರೆಯಲ್ಲ, ಶಕುನಗಿರಿ. ಯಾವುದೋ ಪ್ರಾಚೀನ ಜನಾಂಗವು ಅಳತೆಯಿಟ್ಟು ಪೇರಿಸಿದ ಗೋಪುರವೋ ಎಂಬಂತೆ ಶಂಕುವಿನಾಕಾರದಲ್ಲಿ ಮೇಲೆದ್ದ ಆ ಬೆಟ್ಟದ ಬುಡದಲ್ಲಿ, ಏರಿಯನ್ನು ಹತ್ತಿ ನಿಂತ ಮೇಲೆಯೇ, ಅಯ್ಯನಕೆರೆಯ ಜಲವಿಸ್ತಾರವು ಥಟ್ಟನೆ ಕಣ್ಣನ್ನು ತುಂಬುತ್ತದೆ.

ರುಕ್ಮಾಂಗದರಾಯನು ಇದನ್ನು ಕಟ್ಟಿಸಿದನೆಂದೂ 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದೂ ಪ್ರತೀತಿ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ವೇದಾ ಹೊಳೆಯು ಇಲ್ಲಿ ವಿಶ್ರಮಿಸಿ, ಮುಂದೆ ಕಡೂರಿನ ಬಳಿ, ಮದಗದಕೆರೆಯಿಂದ ಬರುವ ಅವತಿಯನ್ನು ಕೂಡಿ ವೇದಾವತಿಯೆಂಬ ಹೆಸರನ್ನು ಪಡೆಯುತ್ತದೆ.

ಏರಿಯ ಮೇಲೆ ನಿಂತಾಗಲೆಲ್ಲ ನನಗೆ, ಸಂಬಂಧವಿಲ್ಲದಿದ್ದರೂ, ಪೆರು ದೇಶದ ಕಡಲಂಚು ನೆನಪಾಗುತ್ತದೆ. ಕೊಲಂಬಸನಿಗೆ ಬಹು ಶತಮಾನಗಳ ಹಿಂದೆ ಅಲ್ಲಿನ ಮೋಚೆ ಜನರು, ಮಳೆಯೇ ಅಪರೂಪವಾದ ಆ ಮರುಭೂಮಿಯಲ್ಲಿ, ಸುಡದ ಹಸಿ ಇಟ್ಟಿಗೆಗಳನ್ನೇ ಒಟ್ಟಿ ಸೂರ್ಯಗೋಪುರವೆಂದು ಇಂದು ಖ್ಯಾತವಾದ ಮಣ್ಣಿನ ಪರ್ವತವೊಂದನ್ನು ನಿರ್ಮಿಸಿದರು. ಅದಕ್ಕೆ ಹದಿಮೂರು ಕೋಟಿಗೂ ಮಿಕ್ಕ ಇಟ್ಟಿಗೆಗಳು ಹಿಡಿದಿರಬೇಕೆಂದು ವಿದ್ವಾಂಸರ ಅಂದಾಜು. ಇಟ್ಟಿಗೆಗಳ ಮೇಲೆ ಬಗೆಬಗೆಯ ಗುರುತುಗಳುಂಟು. ಒಂದೊಂದು ಊರಿನವರು ತಮ್ಮ ಪಾಲಿನ ದುಡಿಮೆಗೆ ಇಟ್ಟ ಲೆಕ್ಕವದು ಎಂಬ ಊಹೆಯು ಕೆರೆಕಟ್ಟೆಯ ನಾಡಿನವರಾದ ನಮಗೆ ಅಪರಿಚಿತವೆನಿಸದು. ಅವರ ಮಡಕೆಗಳ ಮೇಲೆ ಜೊಂಡಿನ ದೋಣಿ, ಮೀನು, ಏಡಿ. ಅವರ ತರುವಾಯ ಬಂದ ಚಿಮೂ ಜನರ ರಾಜಧಾನಿ ಚಾನ್ ಚಾನ್‌ನ ಮಣ್ಣಿನ ಗೋಡೆಗಳ ಮೇಲಂತೂ ಮೀನು, ಕಡಲಹಕ್ಕಿ, ತೆರೆಗಳ ಸಾಲು. ಹದಿನೇಳನೆಯ ಶತಮಾನದಲ್ಲಿ ಸ್ಪೇನಿನವರು ಚಿನ್ನದಾಸೆಗಾಗಿ ಹೊಳೆಯನ್ನೇ ತಿರುಗಿಸಿ ಸೂರ್ಯಗೋಪುರದ ಬಹುಭಾಗವನ್ನು ತೊಳೆದುಹಾಕಿದರು. ಹೊಳೆಯು ಮಣ್ಣನ್ನು ಗೆದ್ದ ಆ ಕಥೆಯನ್ನು ಓದಿದವನಿಗೆ, ಮಣ್ಣಿಗೆ ಮಣಿದು ನಿಂತ ಈ ಹೊಳೆಯ ಮೇಲೆ ಮಮತೆ ಇಮ್ಮಡಿಸುತ್ತದೆ.

ಕಡಲು ಈ ಸೀಮೆಗೆ ಘಟ್ಟದಾಚೆಯ ಮಾತು. ಆದರೂ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಬಾಲಗಳನ್ನು ಒಂದೇ ಒಡಲಲ್ಲಿ ತಾಳಿದ ಮಕರ, ಆ ವರುಣನ ವಾಹನ, ಹೊಯ್ಸಳ ಶಿಲ್ಪಿಗೆ ಕೈವಶವಾಗಿತ್ತು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲವನ್ನೂ, ಅಲ್ಲಿರುವ ಕವಿ ಜನ್ನನ ಶಾಸನವನ್ನೂ ನೋಡಿ ಬಂದವರು, ಸಮುದ್ರವನ್ನು ಕಾಣದೆಯೂ ಈ ಕೈಗಳು ಅದನ್ನು ಕಲ್ಪಿಸಬಲ್ಲವಾಗಿದ್ದವೆಂಬುದನ್ನು ನಂಬಿಯಾರು. (ಅವರಲ್ಲಿ ಯಾರೂ ಘಟ್ಟವಿಳಿದಿರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಲಾರೆ.)

ಅಯ್ಯನಕೆರೆಗೆ ಇಂಥ ಚಿತ್ರಗಳ ಹಂಗಿಲ್ಲ. ಅದಕ್ಕಿರುವುದು ಒಂದು ಐತಿಹ್ಯ. ಏರಿ ಒಡೆಯುವುದೆಂದು ಗಂಗಮ್ಮ ನೀರುಗಂಟಿಗೆ ಕಾಣಿಸಿಕೊಂಡು ಎಚ್ಚರಿಸಿದಳಂತೆ. ಊರಿಗೆ ಹೋಗಿ ತಿಳಿಸಿ ಮರಳಿ ಬರುವವರೆಗೆ ತಡೆಯೆಂದು ಅವನು ಬೇಡಿದ, ಅವಳು ಒಪ್ಪಿದಳು. ಸುದ್ದಿ ಕೇಳಿದ ದೊರೆ, ಅವನು ಮರಳದಿದ್ದರೆ ಕೆರೆ ಎಂದಿಗೂ ಒಡೆಯದೆಂದು ಎಣಿಸಿ, ಅವನನ್ನು ಅಲ್ಲಿಯೇ ಕೊಲ್ಲಿಸಿದ. ಕೋಡಿ ಬೀಳುವ ವರ್ಷಗಳಲ್ಲಿ ಬಾಗಿನವನ್ನು ಪಡೆಯುವ ಗಂಗಮ್ಮ ಇನ್ನೂ ಅವನ ದಾರಿಯನ್ನೇ ನೋಡುತ್ತಿದ್ದಾಳೆ.