ನಕ್ಷೆಯಲ್ಲಿದ್ದ ಪಾರ್ಕಿಂಗ್ ಎಲ್ಲಿ ಹೋಯಿತು?

ನಮ್ಮಲ್ಲಿ ಕಾಂಪ್ಲೆಕ್ಸ್ ಕಟ್ಟುವುದೆಂದರೆ ಮೊದಲ ಲೆಕ್ಕ ಅಂಗಡಿ ಎಷ್ಟು, ಬಾಡಿಗೆ ಎಷ್ಟು ಅನ್ನೋದು. ಗಾಡಿ ನಿಲ್ಲಿಸುವ ಜಾಗ ಇಂಜಿನಿಯರ್ ತಲೆನೋವು. ಅವರು ಬೇಸ್‌ಮೆಂಟಿನಲ್ಲಿ ನಾಲ್ಕು ಗೆರೆ ಎಳೆದು 'ಪಾರ್ಕಿಂಗ್' ಅಂತ ಬರೆದು ಕೊಡುತ್ತಾರೆ. ಪರವಾನಗಿ ಸಿಕ್ಕ ಮೇಲೆ ಅಲ್ಲಿ ಗೋದಾಮೋ ಹೋಟೆಲಿನ ಅಡುಗೆಮನೆಯೋ ಶುರು. ಮಂಗಳೂರಿನಲ್ಲಿ ಈ ಆಟ ನೋಡಿ ಸಾಕಾಗಿದೆ. ವ್ಯಾಪಾರಕ್ಕೆಂದು ಘಟ್ಟ ಹತ್ತಿದ ನಾವು ಅಳ್ನಾವರದಂಥ ಊರಲ್ಲೂ ಅದನ್ನೇ ಮಾಡಬೇಕೇ?

ಅಳ್ನಾವರ ದಾಂಡೇಲಿ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ತಾಲ್ಲೂಕು ಅಂದಮೇಲೆ ಕಚೇರಿ, ಬ್ಯಾಂಕು, ಮದುವೆ ಹಾಲ್ ಬರುತ್ತವೆ, ಗಾಡಿಗಳೂ ಬರುತ್ತವೆ. ಪಾರ್ಕಿಂಗ್ ನಿಯಮವನ್ನು ಊರಿಗೆ ತಕ್ಕಂತೆ ತಿದ್ದಬೇಕಾದ ಹೊತ್ತು ಇದೇ. ಕಟ್ಟಡ ಎದ್ದ ಮೇಲೆ ಜಾಗ ಹುಡುಕಿದರೆ ಸಿಗುವುದಿಲ್ಲ.

ಹಾಗಂತ ದೊಡ್ಡ ನಗರದ ನಿಯಮವನ್ನೇ ತಂದು ಹೇರುವುದೂ ನಮಗೆ ಒಪ್ಪಿಗೆಯಿಲ್ಲ. ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಒಂದು ಕಾರಿಗೆ, ತಿರುಗಿಸುವ ಜಾಗವೂ ಸೇರಿ, ಬಯಲಲ್ಲಿ 23 ಚದರ ಮೀಟರ್, ನೆಲಮಹಡಿಯ ಸೂರಿನಡಿ 28, ಬೇಸ್‌ಮೆಂಟಿನಲ್ಲಿ 32 ಬೇಕು. 30-40ರ ಸೈಟು ಅಂದರೆ ಸುಮಾರು 111 ಚದರ ಮೀಟರ್. ಸೂರಿನಡಿ ಒಂದೇ ಕಾರು ನಿಂತರೂ ಸೈಟಿನ ಕಾಲು ಭಾಗ ಹೋಯಿತು! ಸಣ್ಣ ಬೇಕರಿ ಇಡುವವನಿಗೆ ಇದು ತಾಳಲಾರದ ಹೊರೆ. ಅವನ ಗಿರಾಕಿ ಬರೋದು ಬೈಕಲ್ಲಿ. ಆದ್ದರಿಂದ ಸಣ್ಣ ಅಂಗಡಿಗೆ ಬೈಕಿನ ಲೆಕ್ಕ, ಮದುವೆ ಹಾಲ್‌ಗೆ ಕಾರು-ಬಸ್ಸಿನ ಲೆಕ್ಕ ಅಂತ ಬೇರೆ ಬೇರೆ ಇರಲಿ. ಅಮೆರಿಕದ ಬಫಲೋ ನಗರ 2017ರಲ್ಲಿ ಕನಿಷ್ಠ ಪಾರ್ಕಿಂಗ್ ಕಡ್ಡಾಯವನ್ನೇ ಕೈಬಿಟ್ಟಿತು. ಅಷ್ಟು ದೂರ ಹೋಗುವುದು ನಮ್ಮ ಊರುಗಳಿಗೆ ಹಿಡಿಸಲಿಕ್ಕಿಲ್ಲ.

ಹಂಚಿಕೊಳ್ಳುವ ದಾರಿಯೂ ಇದೆ. ಮಸೀದಿಗೆ ಜಾಗ ಬೇಕಾಗುವುದು ಹೆಚ್ಚಾಗಿ ಶುಕ್ರವಾರ ಜುಮಾದ ಒಂದೆರಡು ತಾಸು, ಹಾಲ್‌ಗೆ ಭಾನುವಾರ, ಕಚೇರಿಗೆ ಉಳಿದ ದಿನ. ಅಕ್ಕಪಕ್ಕದವರು ಬರಹದಲ್ಲಿ ಒಪ್ಪಂದ ಮಾಡಿಕೊಂಡರೆ ಒಂದೇ ಅಂಗಳ ಮೂವರಿಗೂ ಸಾಕು. ಹೊಸ ನಿಯಮದಲ್ಲಿ ಇದಕ್ಕೆ ಅವಕಾಶ ಕೊಡಬೇಕು.

ಜಮಾಅತ್‌ಗಳಿಗೆ ಒಂದು ಮಾತು. ಮಸೀದಿಯ ಕಾಂಪ್ಲೆಕ್ಸಿನ ಬಾಡಿಗೆಯಿಂದ ಮದ್ರಸದ ಖರ್ಚು, ಉಸ್ತಾದರ ಸಂಬಳ ನಡೆಯುತ್ತದೆ ನಿಜ. ಆದರೆ ಪಾರ್ಕಿಂಗ್ ಜಾಗದಲ್ಲಿ ಅಂಗಡಿ ಹಾಕಿದರೆ ಆ ಆದಾಯವೇ ಅಪಾಯದಲ್ಲಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಸಿ ಪತ್ರ ನೋಡಿದ ಮೇಲೆಯೇ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿದೆ. ಅಕ್ರಮ-ಸಕ್ರಮವನ್ನು ನಂಬಿ ಕೂರುವಂತೆಯೂ ಇಲ್ಲ. 2017ರಲ್ಲೇ ಅದಕ್ಕೆ ಅದೇ ಕೋರ್ಟ್ ತಡೆ ಕೊಟ್ಟಿತ್ತು. ದಾರಿಗೆ ಅದರ ಹಕ್ಕು ಕೊಡಿ ಎಂಬ ಪ್ರವಾದಿವಚನವನ್ನು ಮಿಂಬರ್‌ನಿಂದ ಕೇಳುತ್ತೇವೆ. ಹೊರಗೆ ಬಂದರೆ ನಮ್ಮದೇ ಬೈಕು ಪಕ್ಕದ ಮನೆಯ ಗೇಟಿಗೆ ಅಡ್ಡ!

ಈಗ ಮಾಡಬಹುದಾದ ಕೆಲಸ ಸಣ್ಣದು. ಮನೆಯದೋ ಮಸೀದಿಯದೋ, ಮಂಜೂರಾದ ನಕ್ಷೆಯನ್ನು ತೆಗೆದು ಪಾರ್ಕಿಂಗ್ ಎಲ್ಲಿದೆ, ಅಲ್ಲಿ ಈಗ ಏನಿದೆ ಅಂತ ನೋಡಿ. ನಿಯಮ ಬದಲಿಸಲು ಕರಡು ಹೊರಟಾಗ ಪಟ್ಟಣ ಪಂಚಾಯಿತಿಗೆ ಆಕ್ಷೇಪಣೆ, ಸಲಹೆಗಳನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ.