ಬಿಡುವಿನ ವೇಳೆಯ ಬೆಳೆ

ಮಹತ್ಕಾರ್ಯವನ್ನು ಸಾಧಿಸಬೇಕಾದರೆ ಜೀವಮಾನವನ್ನೆಲ್ಲ ಅದಕ್ಕೇ ಮುಡಿಪಾಗಿಡಬೇಕೆಂದು ಹಲವರು ಭಾವಿಸುತ್ತಾರೆ. ಉದ್ಯೋಗದ ಹೊಣೆ, ಸಂಸಾರದ ತಾಪತ್ರಯ, ಓದಿನ ಭಾರ ಇವುಗಳ ನಡುವೆ ಮೆಚ್ಚಿನ ಕೆಲಸಕ್ಕೆ ವೇಳೆಯೆಲ್ಲಿದೆ ಎಂದು ಕೈಚೆಲ್ಲುತ್ತಾರೆ. ಆದರೆ ದಿನದ ಕರ್ತವ್ಯಗಳನ್ನು ಪೂರೈಸಿ, ಉಳಿದ ಅಲ್ಪಕಾಲದಲ್ಲಿಯೇ ಹೊಸದೊಂದು ವಿಜ್ಞಾನಕ್ಕೆ ತಳಹದಿ ಹಾಕಿದವರೂ ಉಂಟು. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ಅಂಥವರಲ್ಲಿ ಒಬ್ಬನು.

1822ರಲ್ಲಿ ಬಡ ರೈತನ ಮಗನಾಗಿ ಹುಟ್ಟಿದ ಮೆಂಡೆಲನು 1843ರಲ್ಲಿ ಬ್ರನೋ ನಗರದ ಕ್ರೈಸ್ತಮಠವನ್ನು ಸೇರಿದನು. ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಒಳಪಟ್ಟಿದ್ದ ಆ ನಗರ ಇಂದು ಚೆಕ್ ಗಣರಾಜ್ಯದಲ್ಲಿದೆ. 1854ರಿಂದ ಹದಿನಾಲ್ಕು ವರ್ಷಗಳ ಕಾಲ ಅವನು ಅಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದನು. ಒಂದು ಕಡೆ ಪಾಠಪ್ರವಚನ, ಇನ್ನೊಂದು ಕಡೆ ಮಠದ ವಿಧಿಗಳು. ಇವುಗಳ ನಡುವೆ ದೊರೆತ ಬಿಡುವನ್ನು ಅವನು ಮಠದ ತೋಟದ ಬಟಾಣಿ ಗಿಡಗಳಿಗೆ ಮೀಸಲಿಟ್ಟನು.

ಬಿಡುವು ಕಿರಿದಾಗಿದ್ದುದಕ್ಕೆ ತಕ್ಕಂತೆ ಅವನ ಕೆಲಸದ ಎಲ್ಲೆಯೂ ಕಿರಿದಾಗಿತ್ತು. ಅವನಿಗಿದ್ದ ನೆಲ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿ. ಮೊದಲ ಎರಡು ವರ್ಷ ಬಟಾಣಿಯ 34 ತಳಿಗಳನ್ನು ಪರೀಕ್ಷಿಸಿ, 22ನ್ನು ಮಾತ್ರ ಉಳಿಸಿಕೊಂಡನು. ಗಿಡದ ಸಕಲ ಲಕ್ಷಣಗಳನ್ನೂ ಒಮ್ಮೆಗೇ ಅರಿಯಲು ಹೊರಡಲಿಲ್ಲ. ಬೀಜ ದುಂಡಗಿದೆಯೋ ಸುಕ್ಕುಗಟ್ಟಿದೆಯೋ, ಗಿಡ ಎತ್ತರವೋ ಗಿಡ್ಡವೋ ಎಂಬಂಥ ಏಳು ಜೋಡಿ ಸ್ಪಷ್ಟ ಲಕ್ಷಣಗಳನ್ನು ಆರಿಸಿಕೊಂಡು, ಅವುಗಳ ಮೇಲೆಯೇ ದೃಷ್ಟಿಯಿಟ್ಟನು.

1856ರಿಂದ 1863ರವರೆಗೆ ಪ್ರಯೋಗಗಳು ನಡೆದುವು. ಹೂ ಅರಳುವ ಮುನ್ನವೇ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ತೆಗೆದು, ಬೇರೊಂದು ಗಿಡದ ಪರಾಗವನ್ನು ಹಚ್ಚಬೇಕು. ಆ ಸಮಯ ತಪ್ಪಿದರೆ ಮೊಗ್ಗು ಕಾದಿರುವುದಿಲ್ಲ. ಕಾಯಿ ಮಾಗಿದ ಮೇಲೆ ಬೀಜಗಳನ್ನು ಬಿಡಿಸಿ, ಎಣಿಸಿ, ಲೆಕ್ಕವಿಡಬೇಕು. ದುಂಡು ಬೀಜದ ಮತ್ತು ಸುಕ್ಕು ಬೀಜದ ತಳಿಗಳನ್ನು ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲ ಬೀಜಗಳೂ ದುಂಡಾಗಿದ್ದುವು. ಮುಂದಿನ ತಲೆಮಾರಿನಲ್ಲಿ ದೊರೆತ 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಮರೆಯಾಗಿದ್ದ ಲಕ್ಷಣ ನಾಶವಾಗಿರಲಿಲ್ಲ. ಹೆಚ್ಚುಕಡಮೆ ಮೂರಕ್ಕೆ ಒಂದರಂತೆ ಮರಳಿ ಬಂದಿತ್ತು. ಒಂದು ವರ್ಷದ ಎಣಿಕೆಯೇ ಮರುವರ್ಷದ ಬಿತ್ತನೆಗೆ ದಾರಿ ತೋರುತ್ತಿತ್ತು. ಹೀಗೆ ಅವನು ಪರೀಕ್ಷಿಸಿದ ಗಿಡಗಳ ಸಂಖ್ಯೆ ಸುಮಾರು 28,000.

1865ರಲ್ಲಿ ಮೆಂಡೆಲನು ಈ ಫಲಿತಾಂಶಗಳನ್ನು ಬ್ರನೋದ ವಿದ್ವತ್ಸಭೆಯಲ್ಲಿ ಮಂಡಿಸಿದನು. ಮರುವರ್ಷ ಲೇಖನವೂ ಅಚ್ಚಾಯಿತು. ಅದರ ಬೆಲೆಯನ್ನು ಅರಿತವರು ವಿರಳ. 1868ರಲ್ಲಿ ಅವನು ಮಠಾಧಿಪತಿಯಾದನು. ಆಡಳಿತದ ಹೊರೆಯೂ, ಮಠದ ಮೇಲಿನ ತೆರಿಗೆಯ ಬಗ್ಗೆ ಸರ್ಕಾರದೊಡನೆ ನಡೆದ ದೀರ್ಘ ವಿವಾದವೂ ಇದ್ದ ಬಿಡುವನ್ನು ಕಸಿದುಕೊಂಡುವು. 1884ರಲ್ಲಿ ಅವನು ತೀರಿಕೊಂಡಾಗ ಅವನ ಶೋಧ ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿದಿತ್ತು. 1900ರಲ್ಲಿ ಬೇರೆ ಬೇರೆ ದೇಶಗಳ ಮೂವರು ವಿಜ್ಞಾನಿಗಳು ಅವೇ ನಿಯಮಗಳನ್ನು ಮತ್ತೆ ಕಂಡಾಗ ಜಗತ್ತಿನ ಕಣ್ಣು ಆ ಹಳೆಯ ಲೇಖನದ ಮೇಲೆ ಬಿದ್ದಿತು.

ಹೊಣೆ ಹಗುರವಾದ ಮೇಲೆ ನೋಡೋಣವೆಂದು ಮೆಂಡೆಲನು ಕಾದಿದ್ದರೆ ಆ ದಿನ ಬರುತ್ತಲೇ ಇರಲಿಲ್ಲ. ಅವನ ಹೊಣೆ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಮ್ಮ ಹಿರಿಯರ ಮಾತು. ಹನಿಗಳು ಕೂಡಬೇಕಾದರೆ ಅವು ಒಂದೇ ಪಾತ್ರೆಗೆ ಬೀಳಬೇಕು. ಅಳತೆಯರಿತು ಆರಿಸಿಕೊಂಡ ಒಂದು ಕೆಲಸ, ಕಾಲ ತಪ್ಪದ ದುಡಿಮೆ, ಮಾಡಿದ್ದನ್ನು ಬರೆದಿಡುವ ಅಭ್ಯಾಸ ಇವೇ ಆ ಪಾತ್ರೆ.